9 ಇಂಚಿನ ಸೋವಿ ಬ್ಯಾಂಡ್ ಸಾ: ಬ್ಲೇಡ್ ಎಡಕ್ಕ ಎಳಿತೈತಿ, ಫೆನ್ಸ್ ನಿಲ್ಲಂಗಿಲ್ಲ. ಏನ್ ಮಾಡ್ಬೇಕು?

ಕಲಘಟಗಿ_ನಾಕಾ
ನಮಸ್ಕಾರ್ರಿ ಎಲ್ಲಾರ್ಗೂ. ಟೇಬಲ್ ಮ್ಯಾಲೆ ಕೂಡೋ 9 ಇಂಚಿನ ಬ್ಯಾಂಡ್ ಸಾ (ಎರಡು ಗಾಲಿ ಮ್ಯಾಲ ಸುತ್ತೋ ಪಟ್ಟಿ ಬ್ಲೇಡಿನ ಗರಗಸ), ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್. 4 ಇಂಚು ಅಗಲದ ಸಾಗವಾನಿ ಹಲಗಿ ನಿಲ್ಲಿಸಿ 6 ಮಿ.ಮೀ. ಪಟ್ಟಿ ಸೀಳ್ಬೇಕು, ತೊಟ್ಟಿಲದ ಪಕ್ಕದ ಪ್ಯಾನಲ್‌ಗೆ. ಫೆನ್ಸ್ (ಹಲಗಿ ಆನಿಸಿ ನೂಕೋ ಅಡ್ಡಪಟ್ಟಿ) ಬಲಕ್ಕ ಇಟ್ಟಿದ್ದು. 2 ಅಡಿ ಹಲಗಿ ಮುಗಿಯೂದ್ರಾಗ ಬ್ಲೇಡ್ ಎಡಕ್ಕ ಸರಿದು 6 ಇದ್ದದ್ದು 10 ಆಗತೈತಿ. ಫೆನ್ಸ್ ಮುಂದಷ್ಟ ಬಿಗಿ ಆಗತೈತಿ, ಹಿಂದಿನ ತುದಿ ಬೆರಳಿಲೆ ನೂಕಿದ್ರ 2 ಮಿ.ಮೀ. ಅಲ್ಲಾಡತೈತಿ. ಬ್ಲೇಡ್ ಅರ್ಧ ಇಂಚಿಂದು, ಹೊಸದು. ಬ್ಲೇಡ್ ಬಿಗಿ ಮಾಡೋ ಟೆನ್ಷನ್ ನಾಬ್ ಕೊನಿತನಕ ತಿರುವಿದ್ರೂ ಅಷ್ಟ. ಫೆನ್ಸ್ ಬದಲಿ ಮಾಡ್ಲೋ, ಬ್ಲೇಡ್ ಬದಲಿ ಮಾಡ್ಲೋ?

ಹಳೇಹುಬ್ಬಳ್ಳಿ_ಬಡಿಗ್ಯಾ
ಎರಡೂ. ಆದ್ರ ಮೊದಲ ಬ್ಲೇಡ್. ಬ್ಲೇಡ್ ಸೊಟ್ಟ ಹೊಂಟಾಗ ಎಂಥಾ ಫೆನ್ಸ್ ಹಾಕಿದ್ರೂ ಅದರ ಜೋಡಿ ಜಗಳಾನ. ಮತ್ತ ಆ ನಾಬ್ ಕೊನಿತನಕ ತಿರುವೋದು ಇವತ್ತ ಬಿಡ್ರಿ. ಸ್ಪ್ರಿಂಗ್ ಪೂರಾ ಕೂತು ಸುರುಳಿಗೆ ಸುರುಳಿ ಹತ್ತಿದ ಮ್ಯಾಲ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಗುಂಡು. ಮುಂದ ತಿರುವಿದಷ್ಟೂ ಮ್ಯಾಲಿನ ಗಾಲಿಯ ಬ್ರಾಕೆಟ್ ಬಾಗತೈತಿ, ಗಾಲಿ ವಾಲತೈತಿ, ಬ್ಲೇಡ್ ಇನ್ನಷ್ಟು ಸೊಟ್ಟ ಆಗತೈತಿ.

ಬೆಟಗೇರಿ_ಹುಡುಗ
ಮಷೀನ್ ಮಾರಿ ಸಾ ಮಿಲ್‌ಗೆ ಒಯ್ರಿ. ಅರ್ಧ ತಾಸಿನ ಕೆಲಸ.

ಹಳೇಹುಬ್ಬಳ್ಳಿ_ಬಡಿಗ್ಯಾ
ತಮ್ಮಾ, ಮಿಲ್ಲಿನವ್ರು 6 ಮಿ.ಮೀ. ಪಟ್ಟಿ ಯಾರು ಸೀಳಿ ಕೊಡ್ತಾರ? ದಿಮ್ಮಿ ಸೀಳೋ ಬ್ಲೇಡ್ ತಿಂದು ಹಾಕೋ ಕಟಿಗಿನ ಅರ್ಧ ಪಟ್ಟಿ ಆಗತೈತಿ. ಸಾಗವಾನಿ ರೇಟ್ ಗೊತ್ತೈತಲ್ಲ.

ಶಿಗ್ಗಾವಿ_ಮಾಸ್ತರ
ಉತ್ತರ ಕೊಡುವ ಮೊದಲು ಒಂದು ಪ್ರಶ್ನೆ. ಸೀಳಿದ ಪಟ್ಟಿಯ ಮೇಲಂಚು, ಕೆಳಅಂಚು, ನಡುಭಾಗ ಮೂರೂ ಕಡೆ ವರ್ನಿಯರ್ ಹಿಡಿದು ನೋಡಿದಿರಾ? ಮೂರೂ ಒಂದೇ ಅಳತೆ ಇದ್ದು, ಹಲಗೆಯ ಉದ್ದಕ್ಕೆ ಮಾತ್ರ ಸ್ವಲ್ಪ ಸ್ವಲ್ಪವೇ ಹೆಚ್ಚಾಗುತ್ತಾ ಹೋದರೆ ಅದು ನಿಜವಾದ ಡ್ರಿಫ್ಟ್. ಬ್ಲೇಡಿನ ದಿಕ್ಕು ಒಂದು, ಫೆನ್ಸಿನ ದಿಕ್ಕು ಇನ್ನೊಂದು. ಮೇಲೆ ಕೆಳಗೆ ಸರಿ ಇದ್ದು ನಡುವೆ ಮಾತ್ರ ಹೊಟ್ಟೆ ಬಂದಿದ್ದರೆ ಅದು ಡ್ರಿಫ್ಟ್ ಅಲ್ಲ. ಟೆನ್ಷನ್ ಕಡಿಮೆ, ಹಲ್ಲು ಮೊಂಡು, ಅಥವಾ ನೂಕುವ ರಭಸ ಜಾಸ್ತಿ. ಮೇಲೊಂದು ಅಳತೆ ಕೆಳಗೊಂದು ಅಳತೆ ಬಂದು ನಡುವೆ ನೇರ ಇದ್ದರೆ ಟೇಬಲ್ ಬ್ಲೇಡಿಗೆ 90 ಡಿಗ್ರಿ ಇಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲವನ್ನೂ ಡ್ರಿಫ್ಟ್ ಎಂದು ಕರೆದು ಫೆನ್ಸ್ ತಿರುಗಿಸುತ್ತಾ ಕೂತರೆ ಮುಗಿಯುವುದಿಲ್ಲ.

ಕಲಘಟಗಿ_ನಾಕಾ
ಅಳತಿ ತಗೊಂಡೆ ಸರ್. ತುದಿಯೊಳಗ ಮ್ಯಾಲ 9.8, ಕೆಳಗ 9.6, ನಡುವ 11.2.

ಶಿಗ್ಗಾವಿ_ಮಾಸ್ತರ
ಹಾಗಾದರೆ ಎರಡೂ ರೋಗ ಇವೆ. ಡ್ರಿಫ್ಟ್ 3.7 ಮಿ.ಮೀ. ಹತ್ತಿರ, ಹೊಟ್ಟೆ ಒಂದೂವರೆ. ಮೊದಲು ಹೊಟ್ಟೆ ಕರಗಿಸಿ.

ಗದಗ_ಗಾಲಿ
ಮಾಸ್ತರ, ಇದನ್ನ ನಮಗೂ ಹೇಳ್ರಿ, ಹೊಟ್ಟಿ ಕರಗಿಸೋದು 😀

ತಾರಿಹಾಳ_ಟರ್ನರ್
ಅರ್ಧ ಇಂಚಿನ ಬ್ಲೇಡ್ ಆ ಫ್ರೇಮಿಗೆ ಯಾಕ ಆಗಂಗಿಲ್ಲ ಅಂತ ಲೆಕ್ಕಾನ ಹಾಕಿ ತೋರಿಸ್ತೀನಿ. ಕಾರ್ಬನ್ ಸ್ಟೀಲ್ ಬ್ಲೇಡ್ ಬರೋಬ್ಬರಿ ಬಿಗಿ ಆಗ್ಬೇಕಂದ್ರ ಪ್ರತಿ ಚದರ ಮಿ.ಮೀ.ಗೆ ಸುಮಾರು 100 ನ್ಯೂಟನ್ ಎಳೆತ ಬೇಕು. ಅರ್ಧ ಇಂಚು ಅಂದ್ರ 12.7, ದಪ್ಪ 0.64. ಗುಣಿಸಿದ್ರ 8.1 ಚದರ ಮಿ.ಮೀ. ಬ್ಲೇಡ್ ಗಾಲಿಯ ಎರಡೂ ಕಡೆ ಇಳಿಯೋದ್ರಿಂದ ಅದರ ದುಪ್ಪಟ್ಟು. 1600 ನ್ಯೂಟನ್ ಮ್ಯಾಲ, ಅಂದ್ರ 160 ಕೆಜಿ ದಾಟಿತು. ತಗಡಿನ ಫ್ರೇಮು, ಕಿರುಬೆರಳು ದಪ್ಪದ ಸ್ಪ್ರಿಂಗು, ಎಲ್ಲಿಂದ ಬರಬೇಕು 160 ಕೆಜಿ? ಅದ ಮಷೀನಿಗೆ 3 ಸೂತದ (ಸೂತ ಅಂದ್ರ ಇಂಚಿನ ಎಂಟನೇ ಪಾಲು) ಬ್ಲೇಡ್, 9.5 ಮಿ.ಮೀ. ಅಗಲ 0.4 ದಪ್ಪ ಹಾಕ್ರಿ. 3.8 ಚದರ, ದುಪ್ಪಟ್ಟು 7.6, ಅಂದ್ರ 77 ಕೆಜಿ. ಇದು ಆ ಫ್ರೇಮು ತಡಿಯೋವಂಥದ್ದು.

ಇನ್ನೊಂದು, ದಪ್ಪದ ಮಾತು. ಬ್ಲೇಡಿನ ದಪ್ಪ ಗಾಲಿಯ ವ್ಯಾಸದ ಸಾವಿರದಾಗ ಒಂದು ಭಾಗಕ್ಕಿಂತ ಭಾಳ ಜಾಸ್ತಿ ಇರಬಾರ್ದು. 9 ಇಂಚಿನ ಗಾಲಿ 228 ಮಿ.ಮೀ., ಅಂದ್ರ 0.23 ಬರತೈತಿ. ಅಷ್ಟು ತೆಳುವು ಮಾರ್ಕೆಟ್ಟಿನ್ಯಾಗ ಸಿಗೋದು ಕಷ್ಟ, 0.35ರಿಂದ 0.4ಕ್ಕ ಒಪ್ಪಿಕೊಳ್ರಿ. 0.64 ಹಾಕಿದ್ರ ಪ್ರತಿ ಸುತ್ತಿಗೂ ಬ್ಲೇಡ್ ಮಡಚಿ ಬಿಚ್ಚಿ ಹಲ್ಲಿನ ಬುಡದಾಗ ಸೀಳು ಬಿಡತೈತಿ. ಮೊಂಡ ಆಗೋಕಿಂತ ಮೊದಲ ತುಂಡಾಗತೈತಿ.

ಹಾನಗಲ್_ಹಲಗಿ
ಇದು ಉಲ್ಟಾ ಆತಲ್ರಿ. ನೇರ ಸೀಳಾಕ ಅಗಲ ಬ್ಲೇಡ್, ತಿರುವು ಕೊಯ್ಯಾಕ ಸಣ್ಣ ಬ್ಲೇಡ್ ಅಂತ ಎಲ್ಲಾರೂ ಹೇಳ್ತಾರ.

ತಾರಿಹಾಳ_ಟರ್ನರ್
ಎಲ್ಲಾರೂ ಹೇಳೋದು ಸುಳ್ಳಲ್ಲ, ಟೆನ್ಷನ್ ಪೂರಾ ಬಂದ್ರ. 14 ಇಂಚಿನ ಎರಕದ ಫ್ರೇಮಿಗೆ ಅರ್ಧ ಇಂಚು ಹಾಕ್ರಿ. ಈ ಮಷೀನಿನ್ಯಾಗ ಸಡ್ಲ ಇರೋ ಅರ್ಧ ಇಂಚಿಗಿಂತ ಬಿಗಿ ಇರೋ 3 ಸೂತ ನೆಟ್ಟಗ ಹೋಗತೈತಿ.

ಹಾನಗಲ್_ಹಲಗಿ
ಆತು, ಆದ್ರ 3 ಸೂತದ ಬ್ಲೇಡ್ 4 ಇಂಚು ಎತ್ತರ ತಡಿಯಂಗಿಲ್ಲ ಅಂತ ನನ್ನ ಅನುಮಾನ.

ನವನಗರ_ವರ್ಕ್‌ಶಾಪ್
ತಡಿತೈತ್ರಿ, ಹಲ್ಲು ಸರಿ ಇದ್ರ. ನಾಕಾದವ್ರ, ನಿಮ್ಮ ಬ್ಲೇಡಿಗೆ ಇಂಚಿಗೆ ಎಷ್ಟು ಹಲ್ಲದಾವ? ಯಾರೂ ಕೇಳ್ಲೇ ಇಲ್ಲಲ್ಲ ಇದನ್ನ.

ಕಲಘಟಗಿ_ನಾಕಾ
ಪಟ್ಟಿ ಇಟ್ಟು ಎಣಿಸಿದೆ ಅಕ್ಕಾರ. ಒಂದು ಕಡೆ 10, ಇನ್ನೊಂದು ಕಡೆ 14 ಬರತಾವ. ಅಂಗಡಿಯವ್ರು ‘ಬೈ ಮೆಟಲ್, ಭಾಳ ಗಟ್ಟಿ’ ಅಂತ ಕೊಟ್ಟಾರ.

ನವನಗರ_ವರ್ಕ್‌ಶಾಪ್
ಅಲ್ಲೇ ಐತಿ ನೋಡ್ರಿ. ಅದು ಕಬ್ಬಿಣ ಕೊಯ್ಯೋ ಬ್ಲೇಡು, 10/14. ಬೈ ಮೆಟಲ್ (ಬೆನ್ನಿಗೆ ಒಂದು ಉಕ್ಕು, ಹಲ್ಲಿಗೆ ಇನ್ನೂ ಗಟ್ಟಿ ಉಕ್ಕು) ಅನ್ನೋದು ದೋಷ ಅಲ್ಲ, ಹಲ್ಲಿನ ಸಂಖ್ಯೆ ದೋಷ. 4 ಇಂಚು ಹಲಗಿಯೊಳಗ ಒಂದೇ ಸಲಕ್ಕ 40ರಿಂದ 56 ಹಲ್ಲು ಮುಳುಗಿರತಾವ. ಎರಡು ಹಲ್ಲಿನ ನಡುವಿನ ಗುಣಿ ಅಷ್ಟು ಸಣ್ಣದು, ಅರ್ಧ ಇಂಚು ಇಳಿಯೂದ್ರಾಗ ಹೊಟ್ಟು ತುಂಬಿ ಗಟ್ಟಿ ಆಗತೈತಿ. ಆಮ್ಯಾಲ ಹಲ್ಲು ಕೊಯ್ಯಂಗಿಲ್ಲ, ತಿಕ್ಕತೈತಿ. ನೀವು ಜೋರು ನೂಕ್ತೀರಿ, ಬ್ಲೇಡ್ ಎಲ್ಲಿ ಹಾದಿ ಸಿಗತೈತೋ ಆ ಕಡೆ ಬಾಗತೈತಿ. ಹೊಟ್ಟಿ ಬಂದದ್ದು ಇದಕ್ಕ. ಕೊಯ್ದ ಕಡೆ ಕಪ್ಪಾಗಿ ಸುಟ್ಟ ವಾಸನಿ ಬರ್ತಿತ್ತಲ್ಲ?

ನಿಂತ ಹಲಗಿ ಸೀಳಾಕ ಇಂಚಿಗೆ 3 ಅಥವಾ 4 ಹಲ್ಲು, ಹುಕ್ (ಮುಂದಕ್ಕ ವಾಲಿದ ಹಲ್ಲು) ಇಲ್ಲಾ ಸ್ಕಿಪ್ (ನಡುನಡುವ ಹಲ್ಲು ಬಿಟ್ಟದ್ದು). 4 ಹಲ್ಲಿಂದು ಅಂದ್ರ 4 ಇಂಚಿನ್ಯಾಗ 16 ಹಲ್ಲು, ಗುಣಿ ದೊಡ್ಡದು, ಹೊಟ್ಟು ಕೆಳಗ ಬಿದ್ದು ಹೋಗತೈತಿ. ಅರ್ಧ ಎಚ್‌ಪಿ ಮೋಟರಿಗೂ ಹಗುರ. ಮುಕ್ಕಾಲು ಇಂಚು ಹಲಗಿಯ ತಿರುವು ಗಿರುವು ಕೊಯ್ಯಾಕ ಬೇರೆ ಬ್ಲೇಡ್ ಇಟ್ಕೊಳ್ರಿ, 2 ಸೂತ, ಇಂಚಿಗೆ 6ರಿಂದ 10 ಹಲ್ಲು. ಒಂದ ಬ್ಲೇಡಿನ್ಯಾಗ ಎರಡೂ ಕೆಲಸ ಬಯಸಬ್ಯಾಡ್ರಿ. ಕಟಿಗಿ ಎಷ್ಟ ತೆಳು ಇದ್ರೂ ಕನಿಷ್ಠ 3 ಹಲ್ಲು ಕಟಿಗಿಯೊಳಗ ಇರಬೇಕು, ಅದು ಕೆಳಗಿನ ಮಿತಿ.

ಕಲಘಟಗಿ_ನಾಕಾ
ಸುಟ್ಟ ವಾಸನಿ ಬರ್ತಿತ್ತು, ಖರೆ. 3 ಸೂತ, 4 ಹಲ್ಲಿಂದು ಎಲ್ಲಿ ಸಿಗತೈತಿ? ಉದ್ದ ಎಷ್ಟ ಹೇಳ್ಬೇಕು?

ರಾಣೇಬೆನ್ನೂರು_ರಂದಾ
ಸುರುಳಿ ತಂದು ಬೇಕಾದ ಉದ್ದಕ್ಕ ಬಟ್ ವೆಲ್ಡ್ (ಎರಡೂ ತುದಿ ಎದುರುಬದುರು ಕೂಡಿಸಿ ಬೆಸುಗಿ) ಮಾಡಿ ಕೊಡೋವ್ರು ಹುಬ್ಬಳ್ಳಿ ಹಾರ್ಡ್‌ವೇರ್ ಪ್ಯಾಟಿಯೊಳಗ ಅದಾರ. ಉದ್ದಕ್ಕ ಹಳೆ ಬ್ಲೇಡಿನ ಮ್ಯಾಲ ಅಳತಿ ತಗೊಳ್ರಿ. ಹಳೇದು ಇಲ್ಲಾಂದ್ರ ಎರಡು ಗಾಲಿಯ ನಟ್ಟನಡುವಿನ ಅಂತರ ದುಪ್ಪಟ್ಟು ಮಾಡಿ, ಅದಕ್ಕ ಗಾಲಿಯ ಸುತ್ತಳತಿ ಕೂಡಿಸ್ರಿ. ಗಾಲಿ 228 ಇದ್ರ ಸುತ್ತಳತಿ 716. ನಡುವಿನ ಅಂತರ 430 ಇದ್ರ 860 ಕೂಡಿ 1576. ಅಳಿಯೋವಾಗ ಮ್ಯಾಲಿನ ಗಾಲಿ ಪೂರಾ ಇಳಿಸಬ್ಯಾಡ್ರಿ, ಪೂರಾ ಏರಿಸಬ್ಯಾಡ್ರಿ, ನಡುವ ಇರ್ಲಿ.

ಬ್ಲೇಡ್ ಕೈಗೆ ಬಂದ ಮ್ಯಾಲ ಆ ಬೆಸುಗಿಯ ಜೋಡ್ ನೋಡ್ರಿ. ಉಗುರು ಹಿಡಿದು ಬೆನ್ನಿನ ಮ್ಯಾಲ ಎಳದ್ರ ಮೆಟ್ಟಲಾ ಹತ್ತಬಾರದು. ಎರಡೂ ಬದಿ ಜೋಡಿನ ಗಂಟು ಸಪಾಟ ತಿಕ್ಕಿರಬೇಕು. ಬೆನ್ನು ಕೂಡಿದ ಕಡೆ ಸೊಟ್ಟ ಇದ್ರ ಬ್ಲೇಡ್ ಪ್ರತಿ ಸುತ್ತಿಗೂ ಮುಂದ ಹಿಂದ ಕುಣಿತೈತಿ, ಟ್ರ್ಯಾಕಿಂಗ್ ನಾಬ್ (ಗಾಲಿ ಮ್ಯಾಲ ಬ್ಲೇಡ್ ಕೂಡೋ ಜಾಗ ಹೊಂದಿಸೋದು) ಎಷ್ಟ ತಿರುವಿದ್ರೂ ಹೋಗಂಗಿಲ್ಲ. ಅಂಥಾದ್ದು ಅಲ್ಲೇ ವಾಪಸ್ ಕೊಡ್ರಿ.

ಬೆಟಗೇರಿ_ಹುಡುಗ
ಬೈ ಮೆಟಲ್ ಬ್ಲೇಡಿಗೆ ರೊಕ್ಕ ಕೊಟ್ಟಾರಲ್ಲ, ಅದನ್ನ ಏನ್ ಮಾಡ್ಬೇಕು?

ರಾಣೇಬೆನ್ನೂರು_ರಂದಾ
ಇಟ್ಕೊಳ್ರಿ. ಅಲ್ಯುಮಿನಿಯಂ ಸೆಕ್ಷನ್ ಕೊಯ್ಯಾಕ ಬರತೈತಿ. ಉಕ್ಕು ಕೊಯ್ಯಾಕ ಈ ಮಷೀನಿನ ವೇಗ ಭಾಳ ಜಾಸ್ತಿ, ಆ ಆಸೆ ಬ್ಯಾಡ.

ಶಿಗ್ಗಾವಿ_ಮಾಸ್ತರ
ಹೊಸ ಬ್ಲೇಡ್ ಹಾಕುವಾಗ ಕ್ರಮ ತಪ್ಪಬೇಡಿ, ಅರ್ಧ ಸಮಸ್ಯೆ ಅಲ್ಲೇ ಹುಟ್ಟುತ್ತದೆ. ಪ್ಲಗ್ ತೆಗೆಯಿರಿ. ಬ್ಲೇಡಿನ ಎರಡೂ ಬದಿ ಹಿಡಿಯುವ ಮೇಲಿನ ಕೆಳಗಿನ ಎಲ್ಲ ಗೈಡ್‌ಗಳನ್ನೂ, ಬೆನ್ನಿಗೆ ಆಧಾರ ಕೊಡುವ ಹಿಂದಿನ ಥ್ರಸ್ಟ್ ಬೇರಿಂಗನ್ನೂ ಪೂರ್ತಿ ಹಿಂದಕ್ಕೆ ಸರಿಸಿ, ಬ್ಲೇಡಿಗೆ ಯಾವುದೂ ತಾಗದ ಹಾಗೆ. ಗಾಲಿಯ ರಬ್ಬರ್ ಮೇಲೆ ಅಂಟಿದ ಹೊಟ್ಟನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆದು ತೆಗೆಯಿರಿ. ಒಂದೇ ಕಡೆ ಗಡ್ಡೆ ಕಟ್ಟಿದ ಹೊಟ್ಟು ಸಾಕು ಬ್ಲೇಡ್ ನಡುಗಲು. ಬ್ಲೇಡ್ ಏರಿಸಿ, ಅರ್ಧ ಬಿಗಿ ಮಾಡಿ, ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ಟ್ರ್ಯಾಕಿಂಗ್ ನಾಬ್ ಹೊಂದಿಸಿ.

ಇಲ್ಲಿ ಗಮನಿಸಿ: ಗಾಲಿಯ ರಬ್ಬರ್ ನಡುವೆ ಸ್ವಲ್ಪ ಉಬ್ಬು ಇರುತ್ತದೆ. ಬ್ಲೇಡ್ ಆ ಉಬ್ಬಿನ ಮುಂದೆ ಕೂತರೆ ಒಂದು ಕಡೆ ತಿರುಚುತ್ತದೆ, ಹಿಂದೆ ಕೂತರೆ ಇನ್ನೊಂದು ಕಡೆ. ಡ್ರಿಫ್ಟ್ ಎಂದು ನಾವು ಬೈಯುವುದು ಎಷ್ಟೋ ಸಲ ಈ ತಿರುಚು ಮಾತ್ರ. ಹಲ್ಲಿನ ಗುಣಿಯ ಬುಡ ಮೇಲಿನ ಗಾಲಿಯ ನಟ್ಟನಡುವೆ ಬರುವಂತೆ ಕೂಡಿಸಿ. ಆಮೇಲೆ ಪೂರ್ತಿ ಟೆನ್ಷನ್ ಹಾಕಿ ಮತ್ತೆ ನೋಡಿ, ಯಾಕೆಂದರೆ ಟೆನ್ಷನ್ ಏರಿದಾಗ ಟ್ರ್ಯಾಕಿಂಗ್ ಕದಲುತ್ತದೆ. ಎಲ್ಲಾ ಆದ ಮೇಲೆಯೇ ಗೈಡ್ ಮುಟ್ಟಬೇಕು. ಗೈಡಿನಿಂದ ಬ್ಲೇಡನ್ನು ನೂಕಿ ನೇರ ಮಾಡುವುದು ಬೇಡ.

ಗದಗ_ಗಾಲಿ
ಮಾಸ್ತರ ಒಂದು ಬಿಟ್ರು. ಮೊದಲ ಎರಡೂ ಗಾಲಿ ಒಂದ ಸಮತಲದಾಗ ಅದಾವೋ ಇಲ್ಲೋ ನೋಡಬೇಕು. ಉದ್ದ ಪಟ್ಟಿ ಎರಡೂ ಗಾಲಿಯ ಅಂಚಿಗೆ ಹಿಡಿದ್ರ ನಾಲ್ಕೂ ಕಡೆ ತಾಗಬೇಕು. ಇಲ್ಲಾಂದ್ರ ಗಾಲಿ ಹಿಂದ ವಾಷರ್ ಹಾಕಿ ಸರಿ ಮಾಡ್ಬೇಕು. ಇದಿಲ್ಲದ ಬಾಕಿ ಎಲ್ಲಾ ವ್ಯರ್ಥ.

ಶಿಗ್ಗಾವಿ_ಮಾಸ್ತರ
ಬಿಟ್ಟಿದ್ದಲ್ಲ, ಬೇಕೆಂದೇ ಹೇಳಲಿಲ್ಲ. ಉಬ್ಬು ಗಾಲಿಯ ಮಷೀನಿನಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಇದ್ದರೂ ಬ್ಲೇಡ್ ತನ್ನ ಜಾಗ ಹಿಡಿದು ನಿಲ್ಲುತ್ತದೆ. ಕಾರ್ಖಾನೆಯಿಂದ ಬಂದ ಮಷೀನು ಬ್ಲೇಡ್ ಬೀಳಿಸದೆ ಓಡುತ್ತಿದ್ದರೆ ಗಾಲಿ ಬಿಚ್ಚಬೇಡಿ.

ಗದಗ_ಗಾಲಿ
ಒಂದೆರಡು ಅಂದ್ರ ಒಪ್ಪೇನಿ. ಸೋವಿ ಮಷೀನಿನ್ಯಾಗ 4–5 ಮಿ.ಮೀ. ವ್ಯತ್ಯಾಸ ಇರೋವೂ ಬರತಾವ. ಅವನ್ನ ಟ್ರ್ಯಾಕಿಂಗ್ ನಾಬಿನ್ಯಾಗ ಸರಿ ಮಾಡಾಕ ಹೋದ್ರ ಮ್ಯಾಲಿನ ಗಾಲಿ ಎಷ್ಟು ವಾಲತೈತಿ ಅಂದ್ರ ಬ್ಲೇಡ್ ತಿರುಚೇ ಇಳಿತೈತಿ. ಪಟ್ಟಿ ಹಿಡದ ನೋಡಾಕ 2 ನಿಮಿಷ. ಬಿಚ್ಚಬೇಕೋ ಬ್ಯಾಡೋ ಆಮ್ಯಾಲ ಹೇಳ್ರಿ.

ಶಿಗ್ಗಾವಿ_ಮಾಸ್ತರ
ನೋಡುವುದಕ್ಕೆ ನನ್ನ ತಕರಾರಿಲ್ಲ.

ಹಳೇಹುಬ್ಬಳ್ಳಿ_ಬಡಿಗ್ಯಾ
ಟೆನ್ಷನ್ ಎಷ್ಟಂತ ಗೊತ್ತಾಗಾಕ ಮಷೀನಿನ ಮ್ಯಾಲಿನ ಗೆರಿ ನಂಬಬ್ಯಾಡ್ರಿ. ಗೈಡ್ 6 ಇಂಚು ಏರಿಸಿ ಬ್ಲೇಡಿನ ನಡುವ ಬದಿಗೆ ಒಂದು ಬೆರಳಿಲೆ ನೂಕ್ರಿ, 2 ಸೂತ, ಅಂದ್ರ 6 ಮಿ.ಮೀ. ಸರಿದ್ರ ಸಾಕು. ಇಲ್ಲಾಂದ್ರ ಗೈಡ್ ಸರಿಸಿ, ಮಷೀನ್ ಚಾಲೂ ಮಾಡಿ, ಬಾಗಲಾ ಮುಚ್ಚಿರ್ಲಿ, ಬ್ಲೇಡ್ ಪಟಪಟ ನಡುಗೋತನಕ ಸ್ವಲ್ಪ ಸ್ವಲ್ಪನ ಸಡ್ಲ ಮಾಡ್ರಿ. ನಡುಗಾಕ ಹತ್ತಿದ ಕೂಡ್ಲೆ ತಿರುಗಿ ಬಿಗಿ ಮಾಡ್ಕೋತ ಬರ್ರಿ. ನಡುಕ ನಿಂತ ಜಾಗದಿಂದ ಪಾವು ಸುತ್ತು ಮುಂದ. ಸೀಳಾಕ ಬೇಕಾದ್ರ ಇನ್ನೊಂದು ಪಾವು. ಕೆಲಸ ಮುಗದ ಮ್ಯಾಲ ಸಡ್ಲ ಮಾಡಿ ಮನಿಗೆ ಹೋಗ್ರಿ, ರಬ್ಬರಿನ್ಯಾಗ ಕುಳಿ ಬೀಳಂಗಿಲ್ಲ.

ನವನಗರ_ವರ್ಕ್‌ಶಾಪ್
ಗೈಡಿನ ಅಳತಿ: ಬದಿ ಬೇರಿಂಗ್ ಬ್ಲೇಡಿನಿಂದ ಒಂದು ಕಾಗದದಷ್ಟು ದೂರ, 0.1 ಮಿ.ಮೀ. ಬೇರಿಂಗಿನ ಮುಂದಿನ ಅಂಚು ಗುಣಿಯ ಬುಡಕ್ಕಿಂತ 1 ಮಿ.ಮೀ. ಹಿಂದ. ಹಲ್ಲಿಗೆ ಬೇರಿಂಗ್ ತಾಗಿತು ಅಂದ್ರ ಒಂದ ನಿಮಿಷದಾಗ ಒಂದು ಬದಿಯ ಬಾಗು (ಹಲ್ಲು ಎಡಕ್ಕ ಬಲಕ್ಕ ವಾಲಿಸಿರೋದು) ಹಾರಿ ಹೋಗತೈತಿ, ಆವಾಗ ಖರೇ ಡ್ರಿಫ್ಟ್ ಚಾಲೂ. ಹಿಂದಿನ ಥ್ರಸ್ಟ್ ಬೇರಿಂಗ್ 0.3ರಿಂದ 0.5 ದೂರ. ಖಾಲಿ ಓಡುವಾಗ ಅದು ತಿರುಗಬಾರ್ದು, ಕಟಿಗಿ ನೂಕಿದಾಗಷ್ಟ ತಿರುಗಬೇಕು. ಟೇಬಲ್ ಕೆಳಗಿನ ಗೈಡ್ ಕಾಣಂಗಿಲ್ಲ ಅಂತ ಬಿಡಬ್ಯಾಡ್ರಿ. ಕೆಳಗಿಂದು ಸಡ್ಲ ಇದ್ರ ಪಟ್ಟಿಯ ಕೆಳ ಅಂಚು ಮಾತ್ರ ಸರಿತೈತಿ.

ಮತ್ತೊಂದು ಸೋವಿ ಮಷೀನಿನ ಚಾಳಿ: ಗೈಡ್ ಹಿಡಿದ ಕಂಬ ಬ್ಲೇಡಿಗೆ ಸಮಾನಾಂತರ ಇರಂಗಿಲ್ಲ. ಒಂದು ಇಂಚು ಎತ್ತರದಾಗ ಸರಿ ಮಾಡಿ 4 ಇಂಚಿಗೆ ಏರಿಸಿದ್ರ ಒಂದು ಕಡೆ ಬೇರಿಂಗ್ ಬ್ಲೇಡನ್ನ ಒತ್ತಿ ಹಿಡಿದಿರತೈತಿ. ಹಲಗಿಯ ಎತ್ತರಕ್ಕ ಏರಿಸಿ, ಕಟಿಗಿಯಿಂದ 5ರಿಂದ 10 ಮಿ.ಮೀ. ಮ್ಯಾಲ ನಿಲ್ಲಿಸಿ, ಅಲ್ಲೇ ಗೈಡ್ ಹೊಂದಿಸ್ರಿ. ಕಾಯಂ ರಿಪೇರಿ ಬೇಕಂದ್ರ ಕಂಬದ ಬ್ರಾಕೆಟ್ಟಿನ ಬೋಲ್ಟ್ ಕೆಳಗ ತಂಪುಪಾನೀಯದ ಡಬ್ಬಿಯ ತಗಡು ಕತ್ತರಿಸಿ ಇಡ್ರಿ. ಒಂದು ಪದರಾ ಸುಮಾರು 0.1 ಮಿ.ಮೀ.

ಹಾನಗಲ್_ಹಲಗಿ
ಇಷ್ಟೆಲ್ಲಾ ಆದ ಮ್ಯಾಲೂ ಸೊಟ್ಟ ಹೋದ್ರ?

ಶಿಗ್ಗಾವಿ_ಮಾಸ್ತರ
ಆಗ ಅಳೆಯಿರಿ. 2 ಅಡಿ ಉದ್ದದ ನೆಟ್ಟನೆಯ ಹಲಗೆ, ಒಂದು ಅಂಚಿಗೆ ರಂದಾ ಹಾಕಿರಬೇಕು. ಆ ಅಂಚಿಗೆ ಸಮಾನಾಂತರವಾಗಿ ಪೆನ್ಸಿಲ್ ಗೆರೆ. ಫೆನ್ಸ್ ತೆಗೆದಿಟ್ಟು, ಗೆರೆಯ ಮೇಲೆ ಬರೀ ಕೈಯಿಂದ ಕೊಯ್ಯಿರಿ. ಬ್ಲೇಡ್ ಗೆರೆ ಬಿಡದಂತೆ ಹಲಗೆಯ ಹಿಂಬದಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕಾಗುತ್ತದೆ. ಅರ್ಧ ದಾಟಿದ ಮೇಲೆ ಕೈ ಒಂದೇ ಕೋನದಲ್ಲಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿ, ಹಲಗೆ ಕದಲದಂತೆ ಹಿಡಿದು ಸ್ವಿಚ್ ಆರಿಸಿ. ಹಲಗೆಯ ಅಂಚಿನಗುಂಟ ಟೇಬಲ್ ಮೇಲೆ ಗೆರೆ ಹಾಕಿ. ಅದು ಬ್ಲೇಡಿನ ದಿಕ್ಕು, ಫೆನ್ಸ್ ಅದಕ್ಕೆ ಸಮಾನಾಂತರ ಇರಬೇಕು. ನಾಕಾದವರ ಈಗಿನ ಲೆಕ್ಕ 600ಕ್ಕೆ 4 ಮಿ.ಮೀ. ಎಡಕ್ಕೆ. 300 ಮಿ.ಮೀ. ಉದ್ದದ ಫೆನ್ಸ್ ಬಲಕ್ಕಿದ್ದರೆ ಅದರ ಹಿಂದಿನ ತುದಿ ಬ್ಲೇಡಿನಿಂದ 2 ಮಿ.ಮೀ. ದೂರ ಸರಿಯಬೇಕು.

ಗದಗ_ಗಾಲಿ
ಫೆನ್ಸ್ ಯಾಕ ಸೊಟ್ಟ ಇಡಬೇಕ್ರಿ? ಟೇಬಲ್ ಕೆಳಗಿನ 4 ಬೋಲ್ಟ್ ಸಡ್ಲ ಮಾಡಿ ಟೇಬಲ್ಲನ್ನ ಬ್ಲೇಡಿನ ದಿಕ್ಕಿಗೆ ತಿರುವಿದ್ರಾತು. ಫೆನ್ಸು, ಮೈಟರ್ ಗಾಡಿ (ಅಡ್ಡ ಕೊಯ್ಯಾಕ ಹಲಗಿ ಆನಿಸಿ ನೂಕೋದು) ಎರಡೂ ಒಟ್ಟಿಗೆ ಸರಿ ಆಗತಾವ. ಫೆನ್ಸ್ ಮಾತ್ರ ತಿರುವಿದ್ರ ಮೈಟರಿಂದ ಅಡ್ಡ ಕೊಯ್ದಾಗ ಮತ್ತ ಸೊಟ್ಟ.

ಶಿಗ್ಗಾವಿ_ಮಾಸ್ತರ
ಬೋಲ್ಟಿನ ತೂತಿನಲ್ಲಿ ಅಷ್ಟು ಜಾಗ ಇದ್ದರೆ ಉತ್ತಮ. ಆದರೆ ಬ್ಲೇಡ್ ಬದಲಾದಾಗ ಕೋನ ಬದಲಾದರೆ ಟೇಬಲ್ಲನ್ನೂ ಪ್ರತಿ ಸಲ ತಿರುಗಿಸುತ್ತೀರಾ?

ಗದಗ_ಗಾಲಿ
ಟ್ರ್ಯಾಕಿಂಗ್ ಸರಿ ಇಟ್ರ ಒಳ್ಳೆ ಬ್ಲೇಡಿಂದ ಒಳ್ಳೆ ಬ್ಲೇಡಿಗೆ ಕೋನ ಅಷ್ಟೇನು ಬದಲಾಗಂಗಿಲ್ಲ. ಬದಲಾತು ಅಂದ್ರ ಆ ಬ್ಲೇಡಿನ ಹಲ್ಲಿನ್ಯಾಗ ಏನೋ ಐತಿ.

ರಾಣೇಬೆನ್ನೂರು_ರಂದಾ
ಅದಕ್ಕ ಮದ್ದು ಐತಿ. ಬ್ಲೇಡ್ ಎಡಕ್ಕ ಎಳೀತು ಅಂದ್ರ ಎಡಗಡಿ ಹಲ್ಲು ಚೂಪು ಜಾಸ್ತಿ, ಇಲ್ಲಾ ಬಾಗು ಜಾಸ್ತಿ. ನಯವಾದ ಎಣ್ಣಿಗಲ್ಲು ತಗೊಂಡು, ಓಡೋ ಬ್ಲೇಡಿನ ಎಡಗಡಿ ಬದಿಗೆ ಸಪಾಟ ಹಿಡಿದು ಮೆಲ್ಲಕ ಮುಟ್ಟಿಸಿ ತಗೀರಿ. ಎರಡು ಮೂರು ಸೆಕೆಂಡ್, ಅಷ್ಟ. ಕೊಯ್ದು ನೋಡ್ರಿ, ಬೇಕಾದ್ರ ಮತ್ತೊಮ್ಮೆ. ಬಲಗಡಿಗೆ ಎಳಿಯೂವಂಗ ಮಾಡಬ್ಯಾಡ್ರಿ ಮತ್ತ. ಕಲ್ಲು ಹಿಡಿಯೂಕಿಂತ ಮೊದಲ ಟೇಬಲ್ ಮ್ಯಾಲಿನ ಹೊಟ್ಟು ಪೂರಾ ತಗದಿರಬೇಕು, ಕಿಡಿ ಹಾರತಾವ. ಹಂಗ ಬೆನ್ನಿನ ಎರಡೂ ಮೂಲಿನೂ ದುಂಡಗ ಮಾಡಿದ್ರ ತಿರುವಿನ್ಯಾಗ ಬ್ಲೇಡ್ ಸಿಗಬೀಳಂಗಿಲ್ಲ.

ಬೆಟಗೇರಿ_ಹುಡುಗ
ಓಡೋ ಬ್ಲೇಡಿಗೆ ಕಲ್ಲು?! ಕೈಗವಸ ಹಾಕ್ಕೊಂಡು ಮಾಡ್ರಿ.

ರಾಣೇಬೆನ್ನೂರು_ರಂದಾ
ಹಾಕ್ಕೋಬಾರ್ದು. ಬ್ಲೇಡ್ ಬಿಚ್ಚಿ ಹಾಕೋವಾಗ ಕೈಗವಸ ಬೇಕು, ಮಷೀನ್ ಓಡುವಾಗ ಬ್ಯಾಡ. ಬಟ್ಟಿ ಹಲ್ಲಿಗೆ ಸಿಕ್ರ ಕೈ ಬಿಡಿಸ್ಕೊಳ್ಳಾಕ ಬರಂಗಿಲ್ಲ. ಕಣ್ಣಿಗೆ ಕನ್ನಡಕ ಹಾಕ್ರಿ.

ತಾರಿಹಾಳ_ಟರ್ನರ್
ಫೆನ್ಸಿಗೆ ಬರೋಣ, ಎಲ್ಲಾರೂ ಬ್ಲೇಡಿನ್ಯಾಗ ಸಿಕ್ಕೊಂಡ್ರಿ. ಮಷೀನ್ ಜೋಡಿ ಬಂದ ಫೆನ್ಸ್ ಒಳಗ ಎರಡು ದೋಷ. ಎತ್ತರ ಒಂದೂವರೆ ಎರಡು ಇಂಚು, ಹಿಂಗಾಗಿ 4 ಇಂಚು ಹಲಗಿ ವಾಲತೈತಿ. ಹಿಡಿತ ಮುಂದಷ್ಟ. ಬ್ಲೇಡ್ ಎಡಕ್ಕ ಹೋಗಾಕ ನೋಡಿದ್ರ ಕಟಿಗಿ ಬಲಕ್ಕ ಒತ್ತತೈತಿ, ಅಲ್ಲಿ ಫೆನ್ಸಿನ ಬಾಲ ಹಿಂದ ಸರಿತೈತಿ. ಅಂದ್ರ ನಿಮ್ಮ 4 ಮಿ.ಮೀ. ಒಳಗ ಒಂದಿಷ್ಟು ಬ್ಲೇಡಿಂದಲ್ಲ, ಫೆನ್ಸಿಂದು.

ಹೊಸದು ಕೊಳ್ಳಬ್ಯಾಡ್ರಿ, ಮಾಡ್ರಿ. 18 ಮಿ.ಮೀ. ಪ್ಲೈವುಡ್, ಒಂದು ತುಂಡು 300 × 120 ನಿಲ್ಲಿಸೋದು, ಇನ್ನೊಂದು 300 × 100 ಮಲಗಿಸೋದು. ಎಲ್ ಆಕಾರಕ್ಕ ಫೆವಿಕಾಲ್ ಹಚ್ಚಿ ಸ್ಕ್ರೂ. ಹಿಂದ 3 ತ್ರಿಕೋನ ಆನಿಕಿ, ನಡುವ ಒಂದು, ತುದಿಗೆ ಒಂದೊಂದು. ಅಂಟು ಒಣಗೋವಾಗ ಒಳಗ 90 ಡಿಗ್ರಿ ನೋಡೋ ಗುನ್ಯಾ ಇಟ್ಟು ಕ್ಲಾಂಪ್ ಹಾಕ್ರಿ. ಒಣಗಿದ ಮ್ಯಾಲ ಮುಖ ಟೇಬಲ್ಲಿಗೆ 90 ಇಲ್ಲಾಂದ್ರ ತಳಕ್ಕ ಮಾಸ್ಕಿಂಗ್ ಟೇಪ್ ಪದರಾ ಹಚ್ಚಿ ಎತ್ತರಿಸ್ರಿ, ಮುಖ ಕೆರಿಬ್ಯಾಡ್ರಿ. ಮುಖಕ್ಕ ಲ್ಯಾಮಿನೇಟ್ ಚೂರು ಅಂಟಿಸಿ ಮೇಣ ತಿಕ್ಕಿದ್ರ ಹಲಗಿ ಜಾರತೈತಿ. ಟೇಬಲ್ಲಿಗೆ ಮುಂದ ಒಂದು ಹಿಂದ ಒಂದು 4 ಇಂಚಿನ ಸಿ ಕ್ಲಾಂಪ್. ಕೋನ ಹೊಂದಿಸಾಕ ಮುಂದಿಂದು ಬಿಗಿ, ಹಿಂದಿಂದು ಅರ್ಧ ಬಿಗಿ ಮಾಡಿ ಸುತ್ತಿಗಿ ಹಿಡಿಯಿಂದ ಟಕ್ ಟಕ್ ಅಂತ ಬಡೀರಿ, ಕೂದಲೆಳಿ ಅಷ್ಟು ಸರಿತೈತಿ. ಯಾವ ಸ್ಕ್ರೂ ಅಡ್ಜಸ್ಟರೂ ಬೇಕಾಗಿಲ್ಲ.

ಟೇಬಲ್ ಅಲ್ಯುಮಿನಿಯಂ ಇದ್ರ ಕ್ಲಾಂಪ್ ಬಾಯಿ ಕೆಳಗ ಪ್ಲೈ ಚೂರು ಇಡ್ರಿ, ಇಲ್ಲಾಂದ್ರ ಅಂಚು ಬಾಗತೈತಿ. ಟೇಬಲ್ಲಿನ ಸೀಳಿನ ಬಾಯಿಗೆ ಒಂದು ಪಿನ್ ಇಲ್ಲಾ ಬೋಲ್ಟ್ ಇರತೈತಿ ನೋಡ್ರಿ, ಅದನ್ನ ಹಾಕದ ಬಿಟ್ರ ಟೇಬಲ್ಲಿನ ಎರಡು ಹೋಳು ಮ್ಯಾಲ ಕೆಳಗ ಆಗತಾವ.

ಕಲಘಟಗಿ_ನಾಕಾ
ಪ್ಲೈ ಬದಲಿ ಕಿಡಕಿ ಸೆಕ್ಷನ್ ನಡೀತೈತೇನ್ರಿ? 3×1 ಇಂಚಿನ ಅಲ್ಯುಮಿನಿಯಂ ಬಾಕ್ಸ್ ಪೈಪಿನ ತುಂಡು ಬಿದ್ದೈತಿ.

ತಾರಿಹಾಳ_ಟರ್ನರ್
2 ಮಿ.ಮೀ. ದಪ್ಪ ಇದ್ರ ನಡೀತೈತಿ. ತೆಳು ಇದ್ರ ಕ್ಲಾಂಪ್ ಬಿಗಿ ಮಾಡಿದ ಕೂಡ್ಲೆ ಒಳಗ ಹೋಗತೈತಿ, ಒಳಗ ಕಟಿಗಿ ಬೆಣಿ ತುರುಕ್ರಿ. ಸೆಕ್ಷನ್ ನೆಟ್ಟಗ ಐತಿ ಅಂತ ಕಣ್ಣಿಲೆ ನಂಬಬ್ಯಾಡ್ರಿ, ಗಾಜಿನ ಮ್ಯಾಲ ಇಟ್ಟು ಕೆಳಗ ಫೀಲರ್ ಗೇಜ್ (ಸಂದು ಅಳಿಯೋ ತೆಳು ತಗಡು) ಹಾಕಿ ನೋಡ್ರಿ.

ಉಣಕಲ್_ಕೆರಿ
ಇಷ್ಟ ಕಷ್ಟ ಯಾಕ? ಅರ್ಧಗೋಲಿನ ಕಂಬ ಒಂದು ನಿಲ್ಲಿಸ್ರಿ. ಪ್ಲೈ ತುಂಡಿನ ಅಂಚು ದುಂಡಗ ಮಾಡಿ, ದುಂಡಿನ ತುದಿ ಹಲ್ಲಿನ ನೇರಕ್ಕ ಬರೂವಂಗ, ಬ್ಲೇಡಿನಿಂದ 6 ಮಿ.ಮೀ. ದೂರ ಕ್ಲಾಂಪ್ ಮಾಡ್ರಿ. ಡ್ರಿಫ್ಟ್ ಎಷ್ಟರೆ ಇರ್ಲಿ, ಗೆರಿ ನೋಡ್ಕೋತ ಹಲಗಿ ಬಾಲ ತಿರುವಿದ್ರ ಮುಗೀತು.

ಹಾನಗಲ್_ಹಲಗಿ
ನಾಲ್ಕು ಪಟ್ಟಿಗೆ ಸರಿ. ತೊಟ್ಟಿಲದ ನಾಲ್ಕೂ ಬದಿ ಪ್ಯಾನಲ್ ಅಂದ್ರ ಪಟ್ಟಿ ಎಷ್ಟಾದ್ವು? ಪ್ರತಿಯೊಂದಕ್ಕೂ ಗೆರಿ ಹೊಡೀಬೇಕು, ಕೈ ಒಮ್ಮೆ ಅಲ್ಲಾಡಿದ್ರ ಅಲೆ ಬೀಳತೈತಿ, ಆ ಅಲೆ ತಗಿಯಾಕ ಮತ್ತ ರಂದಾ. ಉದ್ದ ಫೆನ್ಸ್ ಕೆಲಸ ಒಂದ ಅಳತಿ ಕೊಡೋದು.

ಉಣಕಲ್_ಕೆರಿ
ಉದ್ದ ಫೆನ್ಸಿನ್ಯಾಗ ಹಲಗಿ ಬಿಚ್ಚಿಕೊಂಡ್ರ? ಕಟಿಗಿಯೊಳಗಿನ ಬಿಗಿ ಬಿಟ್ಟಾಗ ಸೀಳಿದ ಪಟ್ಟಿ ಹೊರಗ ಬಾಗತೈತಿ. ಬ್ಲೇಡಿನ ಹಿಂದಿರೋ ಫೆನ್ಸಿಗೆ ಹತ್ತಿ ಹಲಗಿನ್ನ ಎಡಕ್ಕ ನೂಕತೈತಿ. ಎಲ್ಲಾ ಸರಿ ಮಾಡಿದ್ರೂ ಸೊಟ್ಟ.

ತಾರಿಹಾಳ_ಟರ್ನರ್
ಅದು ಖರೆ. ಅದಕ್ಕ ಫೆನ್ಸಿನ ಮುಖಕ್ಕ ಇನ್ನೊಂದು 12 ಮಿ.ಮೀ. ಪ್ಲೈ ಹಚ್ಚಿ, ಅದು ಬ್ಲೇಡಿನ ಬೆನ್ನು ದಾಟಿ ಒಂದು ಇಂಚಿಗೆ ನಿಲ್ಲೂವಂಗ ಮಾಡ್ರಿ. ಮುಂದ ಪೂರಾ ಆಧಾರ, ಹಿಂದ ಬಾಗಾಕ ಜಾಗ. ಒತ್ತಿ ಹಿಡಿಯೋ ಫೆದರ್ ಬೋರ್ಡ್ ಹಾಕೋದಿದ್ರ ಬ್ಲೇಡಿಗಿಂತ ಮುಂದ ಹಾಕ್ರಿ. ಬ್ಲೇಡಿನ ನೇರಕ್ಕ ಹಾಕಿದ್ರ ಸೀಳು ಮುಚ್ಚಿ ಬ್ಲೇಡ್ ಹಿಡಕೊಳ್ತೈತಿ.

ಹಳೇಹುಬ್ಬಳ್ಳಿ_ಬಡಿಗ್ಯಾ
ಕಟಿಗಿ ಒಣಗಿದ್ದೋ ಅದನ್ನೂ ನೋಡ್ರಿ. ಮಳಿಗಾಲದಾಗ ಕಲಘಟಗಿ ಕಡೆ ಗಾಳ್ಯಾಗ ನೀರೇ ಇರತೈತಿ. ಹಸಿ ಹಲಗಿ ಸೀಳಿ ಪಟ್ಟಿ ಒಂದರ ಮ್ಯಾಲ ಒಂದು ಹಂಗ ಒಟ್ಟಿದ್ರ ಮರುದಿನ ಬಟ್ಟಲಾ ಆಗಿರತಾವ. ನಡುವ ರೀಪ್ ಇಟ್ಟು ಮ್ಯಾಲ ಭಾರ ಹೇರ್ರಿ. ಮತ್ತ 6 ಬೇಕಂದ್ರ 7.5 ಸೀಳ್ರಿ, ಬಾಕಿ ರಂದಾಕ್ಕ ಬಿಡ್ರಿ. ಬ್ಯಾಂಡ್ ಸಾದಿಂದ ನೇರ 6 ಬಯಸೋದು ದುರಾಸೆ.

ಗದಗ_ಗಾಲಿ
ಕಲಘಟಗಿ ತೊಟ್ಟಿಲಂದ್ರ ಅರಗಿನ ಬಣ್ಣದ್ದೇನ್ರಿ? ಚಿತ್ರ ಬರಿಯೋವ್ರು ಬ್ಯಾರೆನೋ, ನೀವನೋ?

ಕಲಘಟಗಿ_ನಾಕಾ
ಬಣ್ಣದ ಕೆಲಸ ಬ್ಯಾರೆಯವ್ರದು. ನಮ್ದು ಬರೇ ಕಟಿಗಿ. ಅದಕ್ಕ ಪ್ಯಾನಲ್ ಮುಖ ಸಪಾಟ ಬೇಕು, ಅಲೆ ಇದ್ರ ಬಣ್ಣದ ಹೊಳಪಿನ್ಯಾಗ ಎದ್ದು ಕಾಣತೈತಿ.

ನವನಗರ_ವರ್ಕ್‌ಶಾಪ್
ಸಾಗವಾನಿ ಅಂದ್ರ ಇನ್ನೊಂದು ಲಕ್ಷ್ಯ ಇರ್ಲಿ. ಅದರೊಳಗ ಸಿಲಿಕಾ ಇರತೈತಿ, ಕಾರ್ಬನ್ ಬ್ಲೇಡ್ ಲಗೂನ ಮೊಂಡ ಆಗತೈತಿ. ನೂಕಾಕ ಜೋರು ಹತ್ತಿದ ಕೂಡ್ಲೆ ಬ್ಲೇಡ್ ಬದಲಿ ಮಾಡ್ರಿ, ಟೆನ್ಷನ್ ಏರಿಸಬ್ಯಾಡ್ರಿ. ಹಲ್ಲಿಗೆ ಅಂಟು ಕೂತಿದ್ರ ಬ್ಲೇಡ್ ಬಿಚ್ಚಿ ಸೀಮಿ ಎಣ್ಣಿಯೊಳಗ ಬ್ರಷ್ ಅದ್ದಿ ತಿಕ್ಕ್ರಿ, ಪೂರಾ ಒರಿಸಿ ಹಾಕ್ರಿ. ಮೊಂಡ ಅಂತ ತಿಳದದ್ದು ಎಷ್ಟೋ ಸಲ ಬರೇ ಹೊಲಸಿರತೈತಿ.

ಉಣಕಲ್_ಕೆರಿ
ವೋಲ್ಟೇಜೂ ನೋಡ್ರಿ. ಸಂಜಿಮುಂದ 230 ಇದ್ದದ್ದು 190ಕ್ಕ ಬಿದ್ರ ಅರ್ಧ ಎಚ್‌ಪಿ ಮೋಟರ್ ಉಸಿರು ಬಿಡತೈತಿ, ಬ್ಲೇಡ್ ನಿಧಾನ ಆಗಿ ಕಟಿಗಿಯೊಳಗ ಹುಗೀತೈತಿ. 1 ಚದರ ಮಿ.ಮೀ. ತಂತಿಯ ಉದ್ದ ಎಕ್ಸ್‌ಟೆನ್ಷನ್ ಬ್ಯಾಡ, 2.5 ಹಾಕ್ರಿ.

ಕಲಘಟಗಿ_ನಾಕಾ
3 ಸೂತ, ಇಂಚಿಗೆ 4 ಹಲ್ಲಿನ ಬ್ಲೇಡ್ ಹಾಕಿ, ಪ್ಲೈ ಫೆನ್ಸ್ ಮಾಡಿ ಸೀಳಿದೆ. ಗಾಲಿ ಪಟ್ಟಿ ಹಿಡಿದು ನೋಡಿದೆ, 1 ಮಿ.ಮೀ. ಒಳಗ ಐತಿ, ಬಿಚ್ಚಲಿಲ್ಲ. 2 ಅಡಿ ತುದಿಯೊಳಗ ಈಗ ಮ್ಯಾಲ 7.6, ನಡುವ 7.8, ಕೆಳಗ 7.5. ಫೆನ್ಸಿನ ಬಾಲ ಅರ್ಧ ಮಿ.ಮೀ. ಅಷ್ಟ ಸರಿಸಬೇಕಾತು. ಆದ್ರ ಮುಖದ ಮ್ಯಾಲ ಅಡ್ಡ ಗೆರಿ ಸಾಲಾಗಿ ಬರತಾವ, ಉಗುರಿಗೆ ಹತ್ತತಾವ. ಇದು ಜೋಡಿಂದೋ, ಗಾಲಿದೋ?

ಹಳೇಹುಬ್ಬಳ್ಳಿ_ಬಡಿಗ್ಯಾ
ಛಲೋ ಆತು. ಗೆರಿ ರಂದಾದಾಗ ಹೋಗತಾವ, ತಲಿ ಕೆಡಿಸ್ಕೋಬ್ಯಾಡ್ರಿ.

ತಾರಿಹಾಳ_ಟರ್ನರ್
ಅಳತಿ ತಗೊಂಡ್ರ ಗೊತ್ತಾಗತೈತಿ. ಗಾಲಿ ನಿಮಿಷಕ್ಕ 1000 ಸುತ್ತು ಅಂತ ಹಿಡೀರಿ, ನಿಮ್ಮ ಮಷೀನಿನ ಪಟ್ಟಿ ಮ್ಯಾಲ ಬ್ಯಾರೆ ಇದ್ರ ಅದನ್ನ ಹಾಕ್ರಿ. ಬ್ಲೇಡ್ ಓಡೋದು 716 ಮೀಟರ್. 1576 ಮಿ.ಮೀ. ಬ್ಲೇಡ್ ಅಷ್ಟ್ರಾಗ ಸುಮಾರು 455 ಸುತ್ತು ಹಾಕತೈತಿ. ನೀವು ನಿಮಿಷಕ್ಕ ಒಂದು ಅಡಿ, 300 ಮಿ.ಮೀ. ನೂಕಿದ್ರ ಜೋಡ್ ಹೊಡಿಯೋ ಗೆರಿ 0.66 ಮಿ.ಮೀ.ಗೆ ಒಂದು ಬೀಳತೈತಿ, ಗಾಲಿಯ ಉಬ್ಬು ತಗ್ಗಿಂದು 0.3ಕ್ಕ ಒಂದು. 20 ಗೆರಿ ಎಷ್ಟು ಉದ್ದ ಐತಿ ಅಳೀರಿ. 13 ಮಿ.ಮೀ. ಹತ್ತಿರ ಬಂದ್ರ ಜೋಡ್, ಬೆನ್ನು ಬದಿ ಎರಡೂ ಕಲ್ಲಿಲೆ ತಿಕ್ರಿ. 6 ಹತ್ತಿರ ಬಂದ್ರ ರಬ್ಬರ್, ಹೊಟ್ಟು ಕೆರದು ನೋಡ್ರಿ. ಎರಡಕ್ಕೂ ಕೂಡದ ಅಂತರ ಬಂದ್ರ ಬ್ಲೇಡ್ ನಡುಗಾಕ ಹತ್ತೈತಿ, ಟೆನ್ಷನ್ ಪಾವು ಸುತ್ತು ಹೆಚ್ಚು ಕಡಿಮಿ ಮಾಡ್ರಿ.

ಕಲಘಟಗಿ_ನಾಕಾ
20 ಗೆರಿ 13 ಚಿಲ್ಲರ ಐತಿ.

ರಾಣೇಬೆನ್ನೂರು_ರಂದಾ
ಹಂಗಾದ್ರ ಜೋಡ್. ಮೊದಲ ಬೆನ್ನು ತಿಕ್ಕ್ರಿ, ಆಮ್ಯಾಲ ಬದಿ. ಹಲ್ಲಿನ ಕಡೆ ಕಲ್ಲು ಒಯ್ಯಬ್ಯಾಡ್ರಿ.